ಇಳಿವಯಸ್ಸಿನ ಸಮರಕಲೆಯೂ ಶ್ರಾವಕನ ಅಹಿಂಸೆಯೂ

ಅಹಿಂಸೆಯನ್ನು ಪರಮಧರ್ಮವೆಂದು ಸ್ವೀಕರಿಸಿದ ಶ್ರಾವಕನು ಹೊಡೆಯುವ, ತಡೆಯುವ, ಕೆಡಹುವ ವಿದ್ಯೆಯನ್ನು ಕಲಿಯಬಹುದೇ? ಕಲಿತವನು ಅರವತ್ತು ದಾಟಿದ ಮೇಲೂ ಅದನ್ನು ಬಿಡದೆ ಅಭ್ಯಾಸ ಮಾಡುವುದು, ಅಥವಾ ಆ ವಯಸ್ಸಿನಲ್ಲಿಯೇ ಹೊಸದಾಗಿ ಆರಂಭಿಸುವುದು, ವ್ರತಕ್ಕೆ ಒಪ್ಪುವುದೇ? ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಹುಟ್ಟಿದ್ದಲ್ಲ. ಆತ್ಮರಕ್ಷಣೆಗೆಂದು ಹೆಣ್ಣುಮಕ್ಕಳನ್ನು ಕರಾಟೆ ತರಗತಿಗೆ ಸೇರಿಸುವುದು ಇಂದು ನಮ್ಮ ಮನೆತನಗಳಲ್ಲಿ ಅಪರೂಪವಲ್ಲ. ಮೊಮ್ಮಗಳನ್ನು ಕರೆದೊಯ್ದ ಅಜ್ಜ ಕೆಲವು ದಿನ ಗೋಡೆಯ ಬದಿಯಲ್ಲಿ ಕುಳಿತು ನೋಡಿ, ಅನಂತರ ತಾನೂ ಎದ್ದು ನಿಂತು ಹೆಜ್ಜೆ ಹದಮಾಡಿಕೊಳ್ಳಲು ತೊಡಗುವುದುಂಟು. ಬಸದಿಯ ಸಭಾಭವನವನ್ನು ಬೆಳಗಿನ ಹೊತ್ತು ಇಂತಹ ಅಭ್ಯಾಸಕ್ಕೆ ಕೊಡಿರೆಂದು ಯಾರಾದರೂ ಕೇಳಿದರೆ ಟ್ರಸ್ಟಿನ ಸದಸ್ಯರಲ್ಲಿ ಎರಡು ಪಕ್ಷಗಳಾಗುವುದು ಸಹಜ. ವೀತರಾಗ ಜಿನಬಿಂಬವಿರುವ ಆವರಣದಲ್ಲಿ ಮುಷ್ಟಿ ಬಿಗಿಯುವುದು ಸಲ್ಲದೆಂದು ಒಂದು ಪಕ್ಷ; ಇದು ಬರಿಯ ವ್ಯಾಯಾಮ, ಧರ್ಮವನ್ನು ಇದಕ್ಕೆ ಎಳೆದು ತರಬೇಕಿಲ್ಲವೆಂದು ಇನ್ನೊಂದು ಪಕ್ಷ. ಎರಡೂ ಆತುರದ ಮಾತುಗಳು. ವಿಷಯವನ್ನು ಶಾಸ್ತ್ರದೃಷ್ಟಿಯಿಂದಲೂ ಲೋಕಾನುಭವದಿಂದಲೂ ಬಿಡಿಸಿ ನೋಡುವುದು ಯುಕ್ತ.

ಹಿಟ್ಟಿನ ಹುಂಜದ ಆಕ್ಷೇಪ

ಈ ಅಭ್ಯಾಸದ ವಿರುದ್ಧ ಎತ್ತಬಹುದಾದ ಅತ್ಯಂತ ಬಲವಾದ ಆಕ್ಷೇಪ ನಮ್ಮ ಕಾವ್ಯಪರಂಪರೆಯಲ್ಲಿಯೇ ಇದೆ. ಕ್ರಿ.ಶ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ಕಥೆ ಜೈನ ಮನೆಗಳಲ್ಲಿ ತಿಳಿಯದವರಿಲ್ಲ. ಯಶೋಧರನು ಜೀವಬಲಿಗೆ ಒಪ್ಪಲಿಲ್ಲ; ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಅಲ್ಲಿ ಸತ್ತ ಪ್ರಾಣಿ ಯಾವುದೂ ಇರಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚರಾಗಿ ತೊಳಲಬೇಕಾಯಿತು. ಸಂಕಲ್ಪದಲ್ಲಿ ನಡೆದ ಕೊಲೆಯೂ ಕೊಲೆಯೇ ಎಂಬುದು ಆ ಕಥೆಯ ಹುರುಳು.

ಹಾಗಾದರೆ ಗಾಳಿಯನ್ನು ಗುದ್ದುವವನ, ಮರಳಿನ ಚೀಲವನ್ನು ಒದೆಯುವವನ ಗತಿಯೇನು? ಎದುರಿಗೆ ಶತ್ರುವಿಲ್ಲ, ಆದರೆ ಪ್ರತಿಯೊಂದು ಪೆಟ್ಟೂ ಒಬ್ಬ ಕಲ್ಪಿತ ಶತ್ರುವಿಗೆ ಗುರಿಯಾಗಿದೆ. ಹಿಟ್ಟಿನ ಹುಂಜಕ್ಕೂ ಮರಳಿನ ಚೀಲಕ್ಕೂ ಭೇದವೆಲ್ಲಿ? ‘ಬರಿಯ ವ್ಯಾಯಾಮ’ ಎಂಬ ಸಮಾಧಾನ ಈ ಪ್ರಶ್ನೆಯ ಮುಂದೆ ನಿಲ್ಲಲಾರದು. ಬಲಿ ಕೊಟ್ಟವನೂ ‘ಬರಿಯ ಹಿಟ್ಟು’ ಎಂದು ಹೇಳಬಹುದಿತ್ತು.

ಭೇದವಿರುವುದು ವಸ್ತುವಿನಲ್ಲಲ್ಲ, ಉಪಯೋಗದಲ್ಲಿ, ಎಂದರೆ ಚೇತನವು ಆ ಕ್ಷಣದಲ್ಲಿ ಯಾವುದರ ಕಡೆಗೆ ಹರಿದಿದೆ ಎಂಬುದರಲ್ಲಿ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ, ಅದಕ್ಕೆ ಪ್ರಮಾದದ ಸಂಬಂಧವನ್ನು ಸೇರಿಸುತ್ತದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಒಳಹೊಕ್ಕು, ರಾಗಾದಿಗಳು ಹುಟ್ಟುವುದನ್ನೇ ಹಿಂಸೆಯೆಂದೂ ಹುಟ್ಟದಿರುವುದನ್ನೇ ಅಹಿಂಸೆಯೆಂದೂ ವಿವರಿಸಿದ್ದಾರೆ. ಯಶೋಧರನ ಸಂದರ್ಭದಲ್ಲಿ ಕ್ರಿಯೆಯ ಉದ್ದೇಶವೇ ಬಲಿ. ಹಿಟ್ಟು ಅದರ ನೆಪ. ಅದೇ ರೀತಿ, ಅಂಗಡಿಯಲ್ಲಿ ಜಗಳವಾಡಿ ಬಂದವನು ಆ ಗಿರಾಕಿಯ ಮುಖವನ್ನು ಮರಳಿನ ಚೀಲದ ಮೇಲೆ ಕಲ್ಪಿಸಿಕೊಂಡು ಗುದ್ದಿದರೆ, ಅವನು ಹಿಟ್ಟಿನ ಹುಂಜವನ್ನೇ ಕಡಿದಂತಾಯಿತು. ಆದರೆ ಅದೇ ಚೀಲದ ಮುಂದೆ ನಿಂತವನ ಲಕ್ಷ್ಯವು ಹಿಮ್ಮಡಿಯ ಊರಿನಲ್ಲಿ, ಬೆನ್ನಿನ ನೇರದಲ್ಲಿ, ಉಸಿರಿನ ಲಯದಲ್ಲಿ ನೆಟ್ಟಿದ್ದರೆ, ಅಲ್ಲಿ ಕೊಲ್ಲುವ ಸಂಕಲ್ಪಕ್ಕೆ ಎಡೆಯಿಲ್ಲ. ಆದುದರಿಂದ ಏಕಾಗ್ರತೆಯೆಂಬುದು ಈ ಕಲೆಯಲ್ಲಿ ಕೌಶಲವನ್ನು ಹೆಚ್ಚಿಸುವ ಉಪಾಯ ಮಾತ್ರವಲ್ಲ. ಅದು ಧರ್ಮಾಧರ್ಮಗಳನ್ನು ಬೇರ್ಪಡಿಸುವ ಗೆರೆಯೂ ಹೌದು. ಲಕ್ಷ್ಯ ತಪ್ಪಿದ ಅಭ್ಯಾಸ ಕೌಶಲವನ್ನೂ ಕೊಡದು, ಪಾಪದಿಂದಲೂ ಕಾಪಾಡದು.

ಶ್ರಾವಕನ ವ್ರತದ ಎಲ್ಲೆ

ಮುನಿಗಳ ಮಹಾವ್ರತಕ್ಕೂ ಗೃಹಸ್ಥನ ಅಣುವ್ರತಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಶ್ರಾವಕಾಚಾರದ ವಿವರಣೆಗಳಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಅಡುಗೆ, ಕೃಷಿ, ವಾಣಿಜ್ಯ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಒದಗುವುದನ್ನು ಯತ್ನಾಚಾರದಿಂದ ಕಡಿಮೆ ಮಾಡಬೇಕು. ವಿರೋಧೀ ಹಿಂಸೆ ಕ್ಷಮ್ಯವೆಂದರೆ ಅದು ಪುಣ್ಯವೆಂದಲ್ಲ. ಆಶ್ರಿತರನ್ನು ಕಾಯುವ ಹೊಣೆಯಿರುವ ಗೃಹಸ್ಥನಿಗೆ ಅದು ಕಟ್ಟಕಡೆಯ ದಾರಿ ಎಂದಷ್ಟೇ ಅರ್ಥ. ಲೋಕದ ಕಾನೂನೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂಬ ಮಿತಿಯನ್ನೂ ಹಾಕುತ್ತವೆ. ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲುವುದು ಕೋಪದಲ್ಲಿ ಕುರುಡಾದವನಿಗೂ ಸಾಧ್ಯವಿಲ್ಲ, ಭಯದಲ್ಲಿ ನಡುಗುವವನಿಗೂ ಸಾಧ್ಯವಿಲ್ಲ. ತನ್ನ ಕೈಯ ಅಳತೆಯನ್ನು ದೀರ್ಘಾಭ್ಯಾಸದಿಂದ ಬಲ್ಲವನಿಗೆ ಮಾತ್ರ ಅದು ಸಾಧ್ಯ.

ಬಾಹುಬಲಿ ಸ್ವಾಮಿಯ ಚರಿತೆ ಇದಕ್ಕೆ ಸಾಕ್ಷಿಯಾಗಿದೆ. ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿಯೂ ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಕನ್ನಡ ‘ಆದಿಪುರಾಣ’ದಲ್ಲಿಯೂ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಎರಡು ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಅಸಂಖ್ಯ ಜನರ ಸಂಹಾರವನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಸೂಚಿಸಿದರು. ಸೈನಿಕರ ರಕ್ತ ಹರಿಯದಂತೆ ತಡೆದದ್ದು ಇಬ್ಬರು ಸೋದರರ ಅಂಗಬಲದ ಪರೀಕ್ಷೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದನು. ಎತ್ತಲಾರದವನು ಅಪ್ಪಳಿಸದಿದ್ದರೆ ಅದನ್ನು ಕ್ಷಮೆಯೆನ್ನಲಾಗದು. ಎತ್ತಿದವನು ತಡೆದುಕೊಂಡದ್ದು ಕ್ಷಮೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಆ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನೂ ಗಂಗರ ದಂಡನಾಯಕನೇ. ಕ್ರಿ.ಶ. 978ರಲ್ಲಿ ‘ಚಾವುಂಡರಾಯ ಪುರಾಣ’ವನ್ನು ಬರೆದ ಕೈ ಖಡ್ಗವನ್ನು ಹಿಡಿದು ಪಳಗಿದ ಕೈಯಾಗಿತ್ತು. ರಣರಂಗದಲ್ಲಿ ಅವನು ಮಾಡಿದ್ದೆಲ್ಲವೂ ಅನುಕರಣೀಯವೆಂದು ಇದರಿಂದ ಹೇಳಬೇಕಾಗಿಲ್ಲ. ಅಂಗಸಾಧನೆಯೂ ಶ್ರಾವಕತ್ವವೂ ಒಂದೇ ದೇಹದಲ್ಲಿ ನೆಲಸಬಲ್ಲವೆಂಬುದನ್ನು ಮಾತ್ರ ಗಮನಿಸಿದರೆ ಸಾಕು.

ವಯಸ್ಸು ಕಳೆಯುವುದೇನು, ಉಳಿಸುವುದೇನು?

ಇನ್ನು ಮುಪ್ಪಿನ ಮಾತು. ನಡುವಯಸ್ಸಿನಿಂದ ಸ್ನಾಯುಗಳು ಕ್ರಮೇಣ ಸವೆಯುತ್ತವೆ. ಅರವತ್ತರ ನಂತರ ಸವಕಳಿ ತ್ವರೆಗೊಳ್ಳುತ್ತದೆ. ಬಲ ಕುಗ್ಗುವುದಕ್ಕಿಂತಲೂ ಬೇಗನೆ ಚುರುಕು ಕುಗ್ಗುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದು ದಿನದ ಶ್ರಮದಿಂದ ಚೇತರಿಸಿಕೊಳ್ಳಲು ಎರಡು ದಿನ ಬೇಕಾಗುತ್ತದೆ. ಇದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದ ವ್ಯಾಪಾರಿಯ ಆಢಾವೆ ಪತ್ರಿಕೆ ಸುಳ್ಳು ಲಾಭವನ್ನು ತೋರಿಸುವಂತೆ, ವಯಸ್ಸನ್ನು ಲೆಕ್ಕಕ್ಕೆ ಹಿಡಿಯದ ಸಾಧಕನು ಕೀಲು ಮುರಿದುಕೊಂಡು ಮೂಲಧನವನ್ನೇ ಕಳೆದುಕೊಳ್ಳುತ್ತಾನೆ.

ಆದರೆ ಉಳಿಯುವುದೂ ಇದೆ. ಅಭ್ಯಾಸದ ಸ್ವರೂಪವನ್ನು ಕುರಿತು ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧವಾದದ್ದು. ಬರಿಯ ಪುನರಾವರ್ತನೆ ಬೇರೆ, ಒಂದೊಂದು ದೋಷವನ್ನು ಆಯ್ದುಕೊಂಡು ತಿದ್ದುವ ಉದ್ದೇಶಪೂರ್ವಕ ಅಭ್ಯಾಸ ಬೇರೆ ಎಂದು ಅವರು ತೋರಿಸಿದರು. 1996ರಲ್ಲಿ ರಾಲ್ಫ್ ಕ್ರಾಂಪೆ ಅವರೊಡನೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಪಿಯಾನೋ ವಾದಕರನ್ನು ಪರೀಕ್ಷಿಸಲಾಯಿತು. ವಯಸ್ಸಾದ ವಾದಕರ ಸಾಮಾನ್ಯ ವೇಗ ಇತರ ವೃದ್ಧರಂತೆಯೇ ಕುಗ್ಗಿತ್ತು. ಆದರೆ ತಮ್ಮ ವಾದ್ಯದ ಕೌಶಲವನ್ನು, ಅಭ್ಯಾಸವನ್ನು ಬಿಡದೆ ಮುಂದುವರಿಸಿದಷ್ಟರ ಮಟ್ಟಿಗೆ, ಅವರು ಉಳಿಸಿಕೊಂಡಿದ್ದರು. ಇದು ಸಂಗೀತದ ಮಾತಾದರೂ ಕೈಕಾಲುಗಳ ಹದವನ್ನೇ ನೆಚ್ಚಿದ ಯಾವ ವಿದ್ಯೆಗೂ ದಾರಿ ತೋರುವಂತಹದು. ಯೌವನದ ಸಂಪಾದನೆ ತಾನಾಗಿ ಉಳಿಯುವುದಿಲ್ಲ. ದಿನದಿನವೂ ಪಾಲಿಸಿದರೆ ಬಹುಪಾಲು ಉಳಿಯುತ್ತದೆ.

ಇದಕ್ಕೆ ಜೀವಂತ ಸಾಕ್ಷ್ಯ ಬೇಕಾದವರು ಜಪಾನಿನ ಕೇಕೋ ಫುಕುದಾ ಅವರ ಜೀವನವನ್ನು ನೋಡಬೇಕು. ಜೂಡೋ ವಿದ್ಯೆಯ ಪ್ರವರ್ತಕ ಜಿಗೊರೋ ಕಾನೋ ಅವರು 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಕೆಲವೇ ಶಿಷ್ಯರೊಡನೆ ತಮ್ಮ ಶಾಲೆಯನ್ನು ಆರಂಭಿಸಿದರು. ಅವರಿಗೆ ಮೊದಲು ಜುಜುತ್ಸು ಕಲಿಸಿದ ಗುರುವಿನ ಮೊಮ್ಮಗಳು ಈ ಫುಕುದಾ. 1913ರಲ್ಲಿ ಜನಿಸಿ 1935ರಲ್ಲಿ ಕಲಿಕೆಗೆ ಸೇರಿದ ಆಕೆ ಐದಡಿಗಿಂತ ಕಡಿಮೆ ಎತ್ತರದ, ಕೃಶಕಾಯದ ಮಹಿಳೆ. ಮಹಿಳೆಯರಿಗೆ ಮೇಲಿನ ಶ್ರೇಣಿಗಳನ್ನು ಕೊಡದ ಆ ಕಾಲದ ಪದ್ಧತಿಯಿಂದಾಗಿ ಬಹಳ ವರ್ಷ ಐದನೆಯ ಶ್ರೇಣಿಯಲ್ಲಿಯೇ ನಿಲ್ಲಬೇಕಾಯಿತು. ಆಕೆ ಅಭ್ಯಾಸವನ್ನು ಬಿಡಲಿಲ್ಲ. ‘ಜೂ-ನೋ-ಕಟಾ’ ಎಂಬ ಮೃದುಕ್ರಮವನ್ನು ಆಯ್ದುಕೊಂಡು ಅದರಲ್ಲಿಯೇ ಆಳವಾಗಿ ಇಳಿದರು. ಹದಿನೈದು ಕ್ರಿಯೆಗಳ ಆ ಕ್ರಮವನ್ನು ನಿಧಾನವಾಗಿ, ಯಾರನ್ನೂ ನೆಲಕ್ಕೆ ಕೆಡಹದೆ ಮಾಡುತ್ತಾರೆ. 2011ರಲ್ಲಿ, 98ನೆಯ ವಯಸ್ಸಿನಲ್ಲಿ, ಅಮೆರಿಕದ ಜೂಡೋ ಸಂಸ್ಥೆ ಆಕೆಗೆ ಹತ್ತನೆಯ ಶ್ರೇಣಿಯನ್ನಿತ್ತಿತು. 2013ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲಿನವರೆಗೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಲಿಸುತ್ತಿದ್ದರು.

ನಮ್ಮ ನೆರೆಯ ಕೇರಳದಲ್ಲಿಯೂ ಇಂತಹ ನಿದರ್ಶನವಿದೆ. ವಡಗರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿನಲ್ಲಿ ಕಳರಿಪಯಟ್ಟನ್ನು ಕಲಿಯತೊಡಗಿದವರು. ಪತಿ ರಾಘವನ್ ಗುರುಕ್ಕಳ್ ನಿಧನರಾದ ಮೇಲೆ ಕಳರಿಯ ಹೊಣೆಯನ್ನು ತಾವೇ ಹೊತ್ತರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಕಳರಿಯ ಶಿಕ್ಷಣದಲ್ಲಿ ಮೊದಲು ಬರುವುದು ಆಯುಧವಲ್ಲ, ‘ಮೈತ್ತಾರಿ’ ಎಂಬ ದೇಹಸಾಧನೆ. ಅನಂತರ ಕೋಲು, ಆಮೇಲೆ ಲೋಹದ ಆಯುಧ, ಕಡೆಗೆ ಬರಿಗೈ. ವಯಸ್ಸಾದವನಿಗೆ ಈ ಕ್ರಮದ ಮೊದಲ ಮೆಟ್ಟಿಲೊಂದೇ ಆಯುಷ್ಯಪೂರ್ತಿ ಸಾಕಾಗುವಷ್ಟು ವಿಸ್ತಾರವಾಗಿದೆ.

ಈ ಇಬ್ಬರಲ್ಲಿಯೂ ಕಾಣುವ ಸಾಮಾನ್ಯ ಲಕ್ಷಣವೆಂದರೆ ವಿಸ್ತಾರವನ್ನು ಬಿಟ್ಟು ಆಳವನ್ನು ಹಿಡಿದದ್ದು. ಒಂದು ಕಟಾಕ್ಕೆ ಮೂರು ವರ್ಷವೆಂಬ ಮಾತು ಕರಾಟೆಯ ತವರಾದ ಒಕಿನಾವದ ಹಳೆಯ ಗುರುಗಳಲ್ಲಿ ರೂಢಿಯಲ್ಲಿತ್ತು. ಇಪ್ಪತ್ತರ ತರುಣನಿಗೆ ಅದು ಶಿಕ್ಷೆಯಂತೆ ತೋರುತ್ತದೆ. ಅರವತ್ತರ ವೃದ್ಧನಿಗೆ ಅದು ದೇಹಪ್ರಕೃತಿಯೇ ಹೇಳಿಕೊಡುವ ನೀತಿ. ಭೋಗೋಪಭೋಗಗಳಿಗೆ ಪರಿಮಾಣ ಹಾಕಿಕೊಳ್ಳುವ ಶ್ರಾವಕನಿಗೆ, ಕಲಿಕೆಗೂ ಪರಿಮಾಣ ಹಾಕಿಕೊಂಡು ಎರಡು ಮೂರು ಕ್ರಮಗಳಲ್ಲಿ ನೆಲೆನಿಲ್ಲುವುದು ಅಪರಿಚಿತವಾಗಬೇಕಿಲ್ಲ.

ಬಲಮದದ ಕರಗುವಿಕೆ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಬಲಮದವೂ ಒಂದು. ಸಮರಕಲೆಯ ದೊಡ್ಡ ಅಪಾಯ ಇದೇ. ತರುಣನು ಗೆಲ್ಲುತ್ತ ಹೋದಂತೆ ಬಲದ ಹೆಮ್ಮೆ ಬೆಳೆಯುತ್ತದೆ. ಎದುರಾಳಿಯು ತನ್ನಂತೆಯೇ ನೋವುಣ್ಣುವ ಜೀವವೆಂಬುದು ಮರೆಯುತ್ತದೆ. ಮುಪ್ಪಿನಲ್ಲಿ ಅಭ್ಯಾಸ ಮಾಡುವವನಿಗೆ ಈ ಮದ ಸುಲಭವಾಗಿ ದಕ್ಕುವುದಿಲ್ಲ. ಮೊಮ್ಮಗಳ ವಯಸ್ಸಿನ ಬಾಲಿಕೆ ಅವನಿಗಿಂತ ಎತ್ತರಕ್ಕೆ ಒದೆಯುತ್ತಾಳೆ. ಮಗನ ವಯಸ್ಸಿನ ಶಿಕ್ಷಕನು ಅವನ ನಿಲುವನ್ನು ಎಲ್ಲರೆದುರು ತಿದ್ದುತ್ತಾನೆ. ಪೇಟೆಯಲ್ಲಿ ‘ಯಜಮಾನರೇ’ ಎಂದು ಕರೆಸಿಕೊಳ್ಳುವವನು ಅಲ್ಲಿ ಸಾಲಿನ ಕೊನೆಯಲ್ಲಿ ನಿಂತು ತಲೆಬಾಗಿಸಬೇಕಾಗುತ್ತದೆ. ಈ ವಿನಯವು ಮನಸ್ಸಿಗೆ ಹತ್ತಿದರೆ ಅಭ್ಯಾಸದ ಅರ್ಧ ಫಲ ದೊರೆತಂತೆ. ಹತ್ತದೆ, ತರುಣರೊಡನೆ ಸೆಣಸಿ ಗೆಲ್ಲುವ ಹಟ ಹುಟ್ಟಿದರೆ, ಅವನು ಕೀಲನ್ನೂ ಕೆಡಿಸಿಕೊಳ್ಳುತ್ತಾನೆ, ಪರಿಣಾಮವನ್ನೂ ಕೆಡಿಸಿಕೊಳ್ಳುತ್ತಾನೆ.

ಕರಾಟೆಯನ್ನು ಒಕಿನಾವದಿಂದ ಟೋಕಿಯೋಗೆ 1922ರಲ್ಲಿ ಕೊಂಡೊಯ್ದಾಗ ಗಿಚಿನ್ ಫುನಾಕೋಶಿ ಅವರಿಗೆ ಐವತ್ತು ದಾಟಿತ್ತು. ವೃತ್ತಿಯಿಂದ ಶಾಲಾಶಿಕ್ಷಕರಾದ ಅವರು ಕರಾಟೆಯಲ್ಲಿ ಮೊದಲ ಪೆಟ್ಟು ಎಂಬುದಿಲ್ಲವೆಂಬ ತತ್ತ್ವವನ್ನು ಶಿಷ್ಯರಿಗೆ ಸಾರಿದರು. ಕಾಮಾಕುರದಲ್ಲಿರುವ ಅವರ ಸ್ಮಾರಕಶಿಲೆಯ ಮೇಲೆ ಆ ತತ್ತ್ವವನ್ನೇ ಕೆತ್ತಲಾಗಿದೆ. ಜೈನದೃಷ್ಟಿಗೆ ಇದು ಸಾಲದು. ಎರಡನೆಯ ಪೆಟ್ಟಿನ ಹಿಂದೆ ದ್ವೇಷವಿದೆಯೇ ಎಂದೂ ನಾವು ಕೇಳುತ್ತೇವೆ. ಆದರೂ ಬೇರೆ ನೆಲದ, ಬೇರೆ ಧರ್ಮದ ಒಬ್ಬ ಗುರು ತನ್ನ ವಿದ್ಯೆಗೆ ತಾನೇ ಬೇಲಿ ಹಾಕಿದ್ದು ಗೌರವಾರ್ಹ.

ದೇಹಮಮತೆಯ ಆಕ್ಷೇಪ

ಇನ್ನೊಂದು ಆಕ್ಷೇಪ ಹೀಗಿದೆ: ಇಳಿವಯಸ್ಸು ಆತ್ಮಚಿಂತನೆಯ ಕಾಲ, ನಶ್ವರವಾದ ದೇಹವನ್ನು ತಿದ್ದುತ್ತ ಕೂರುವುದು ಮಮತೆಯನ್ನು ಬೆಳೆಸುವುದಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಕನ್ನಡಿಯ ಮುಂದೆ ನಿಂತು ತೋಳನ್ನು ಮೆಚ್ಚಿಕೊಳ್ಳುವ ವೃದ್ಧನಿಗೆ ಇದು ನೇರವಾಗಿ ತಗಲುತ್ತದೆ. ಆದರೆ ದೇಹವನ್ನು ಅಲಕ್ಷಿಸುವುದು ವೈರಾಗ್ಯವಲ್ಲ. ಒಂದು ಸಾಮಾಯಿಕಕ್ಕೆ ನಲವತ್ತೆಂಟು ನಿಮಿಷ ಸ್ಥಿರವಾಗಿ ಕೂರಬೇಕು. ಕಾಯೋತ್ಸರ್ಗಕ್ಕೆ ಅಲುಗದೆ ನಿಲ್ಲಬೇಕು. ವಿಂಧ್ಯಗಿರಿಯ ದರ್ಶನಕ್ಕೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಮಂಡಿ ಸೋತವನು, ಬಿದ್ದು ಸೊಂಟದ ಮೂಳೆ ಮುರಿದುಕೊಂಡವನು ಇವೆಲ್ಲವುಗಳಿಂದ ವಂಚಿತನಾಗುತ್ತಾನೆ. ಮನೆಯವರಿಗೂ ಹೊರೆಯಾದೆನೆಂಬ ಆರ್ತಧ್ಯಾನಕ್ಕೆ ಬೀಳುತ್ತಾನೆ. ವ್ಯಾಯಾಮವು ವೃದ್ಧರು ಬೀಳುವ ಪ್ರಮಾಣವನ್ನು ಸುಮಾರು ಶೇಕಡಾ 23ರಷ್ಟು ತಗ್ಗಿಸುತ್ತದೆಂದು 2019ರ ಕಾಕ್ರೇನ್ ಸಮೀಕ್ಷೆ ತಿಳಿಸಿದೆ. ಚೀನಾದ ಸಮರಕಲೆಯಾದ ತಾಯ್ ಚಿ ಕೂಡ ಈ ವಿಷಯದಲ್ಲಿ ನೆರವಾಗುವಂತೆ ಅದರಲ್ಲಿ ಕಂಡುಬಂದಿದೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಬೆಳೆಸುವ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ.

ಮೇಲಾಗಿ, ಹೆಜ್ಜೆಯಿಡುವ ಮುನ್ನ ನೆಲವನ್ನು ನೋಡುವ ಈರ್ಯಾಸಮಿತಿಯನ್ನು ಮುನಿಗಳಿಂದ ಕಿಂಚಿತ್ತಾದರೂ ಕಲಿಯಬಯಸುವ ಶ್ರಾವಕನಿಗೆ, ತನ್ನ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಪ್ರತಿಕ್ಷಣವೂ ಅರಿತಿರುವ ಈ ಅಭ್ಯಾಸ ಪ್ರತಿಕೂಲವಲ್ಲ. ಕಾಲಿನ ಮೇಲೆ ಹಿಡಿತವಿದ್ದವನು ಇರುವೆಯ ಸಾಲನ್ನು ಕಂಡೊಡನೆ ಎತ್ತಿದ ಹೆಜ್ಜೆಯನ್ನು ನಡುವೆಯೇ ತಡೆದು ನಿಲ್ಲಬಲ್ಲನು.

ಆದರೆ ಎಲ್ಲ ಅಭ್ಯಾಸಕ್ಕೂ ಕೊನೆಯೊಂದಿದೆ. ಅನೇಕ ಯುದ್ಧಗಳನ್ನು ಗೆದ್ದ ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದನು. ಜೀವಮಾನವೆಲ್ಲ ಬಲವನ್ನು ಗಳಿಸಿದವನು ಅದನ್ನು ತಾನಾಗಿ ಇಳಿಸಿಟ್ಟನು. ಇಳಿವಯಸ್ಸಿನ ಸಾಧಕನು ವರ್ಷಕ್ಕೊಂದರಂತೆ ಒದೆತವನ್ನು, ನೆಗೆತವನ್ನು, ಉರುಳನ್ನು ಬಿಡುತ್ತ ಹೋಗಬೇಕಾಗುತ್ತದೆ. ಬೇಸರವಿಲ್ಲದೆ ಬಿಡುವುದನ್ನು ಕಲಿತರೆ ಮಮತೆಯ ಆಕ್ಷೇಪಕ್ಕೆ ಅದೇ ಉತ್ತರ.

ಕುಟುಂಬಗಳಿಗೂ ಟ್ರಸ್ಟುಗಳಿಗೂ ಕೆಲವು ಸೂಚನೆಗಳು

ವೈದ್ಯರ ಒಪ್ಪಿಗೆಯಿಲ್ಲದೆ, ವಿಶೇಷವಾಗಿ ರಕ್ತದೊತ್ತಡ, ಹೃದ್ರೋಗ, ಮೂಳೆ ಸವೆತಗಳಿರುವವರು ಆರಂಭಿಸಬಾರದು. ದಿನಕ್ಕೆ ಅರ್ಧ ಗಂಟೆ ಸಾಕು. ಅದರಲ್ಲಿ ಮೂರನೆಯ ಒಂದು ಭಾಗ ಮೈ ಬೆಚ್ಚಗಾಗಿಸಲು ಮೀಸಲಿರಲಿ. ಎರಡು ಮೂರು ಕ್ರಮಗಳನ್ನು ಮಾತ್ರ ಆಯ್ದುಕೊಂಡು, ದಿನಕ್ಕೊಂದು ದೋಷವನ್ನು ಗುರುತಿಸಿ, ನಿಧಾನಗತಿಯಲ್ಲಿ ತಿದ್ದಿಕೊಳ್ಳಬೇಕು. ಮನಸ್ಸಿನಲ್ಲಿ ಯಾರ ಮೇಲಾದರೂ ಕೋಪವಿರುವ ದಿನ ಅಭ್ಯಾಸಕ್ಕೆ ಬದಲಾಗಿ ಪ್ರತಿಕ್ರಮಣ ಮಾಡುವುದು ಲೇಸು.

ಅಭ್ಯಾಸವು ಸೂರ್ಯೋದಯದ ನಂತರ ಬೆಳಕು ಹರಿದ ಮೇಲೆ ನಡೆಯಲಿ. ನೆಲವನ್ನು ಮೃದುವಾದ ಪೊರಕೆಯಿಂದ ಗುಡಿಸಿಕೊಳ್ಳಲಿ. ಸಂಜೆಯ ತರಗತಿಯು ಊಟವನ್ನು ರಾತ್ರಿಗೆ ತಳ್ಳುವುದಾದರೆ ಅದನ್ನು ಒಪ್ಪಬಾರದು. ಚರ್ಮದ ಕೈಗವಸು, ಚರ್ಮದ ಚೀಲಗಳ ಬದಲು ಬಟ್ಟೆಯವನ್ನು ಬಳಸಬಹುದು. ಬಲಕ್ಕಾಗಿ ಮೊಟ್ಟೆ ತಿನ್ನಿರೆಂಬ ಸಲಹೆಗೆ ಮಣಿಯಬೇಕಾದ ಅಗತ್ಯವಿಲ್ಲ. ಬೇಳೆಕಾಳು, ಹಾಲು, ಶೇಂಗಾಗಳಲ್ಲಿ ಬೇಕಾದ ಸತ್ತ್ವವಿದೆ.

ಹಿಂಸೋಪಕರಣಗಳನ್ನು ಕೊಡುವುದು ಅನರ್ಥದಂಡದಲ್ಲಿ ಸೇರುತ್ತದೆಯಾದ ಕಾರಣ ಬಸದಿಯ ಆವರಣದಲ್ಲಿ ಖಡ್ಗ, ಕಠಾರಿಗಳಿಗೆ ಅವಕಾಶವಿರಬಾರದು. ಗರ್ಭಗೃಹಕ್ಕೆ ಹೊಂದಿದ ಸ್ಥಳವನ್ನು ಬಿಟ್ಟು ಸಭಾಭವನವನ್ನು ಮಾತ್ರ ಕೊಡಬಹುದು. ರಕ್ತ ಬರುವವರೆಗೆ ಸೆಣಸುವ ಪಂದ್ಯಗಳನ್ನು ಏರ್ಪಡಿಸುವುದಾಗಲಿ ಪ್ರೋತ್ಸಾಹಿಸುವುದಾಗಲಿ ಟ್ರಸ್ಟಿನ ಕೆಲಸವಲ್ಲ. ಶಿಕ್ಷಕರನ್ನು ಆರಿಸುವಾಗ ಅವರು ಗೆದ್ದ ಪದಕಗಳನ್ನಲ್ಲ, ದುರ್ಬಲ ವಿದ್ಯಾರ್ಥಿಯೊಡನೆ ಅವರು ನಡೆದುಕೊಳ್ಳುವ ರೀತಿಯನ್ನು ನೋಡಬೇಕು. ಈ ಎಲ್ಲೆಗಳನ್ನು ಬರವಣಿಗೆಯಲ್ಲಿ ನಮೂದಿಸಿ, ಶಿಕ್ಷಕರ ಮತ್ತು ಪಾಲಕರ ಒಪ್ಪಿಗೆ ಪಡೆದು ಆರಂಭಿಸಿದರೆ ಟ್ರಸ್ಟಿನ ಎರಡು ಪಕ್ಷಗಳಿಗೂ ಮುನಿಸಿಗೆ ಕಾರಣವಿರದು. ವರ್ಷಕ್ಕೊಮ್ಮೆ ದಶಲಕ್ಷಣ ಪರ್ವದ ಉತ್ತಮ ಕ್ಷಮಾ ದಿನದಂದು ಕಲಿಯುವವರೆಲ್ಲರೂ ಒಟ್ಟುಗೂಡಿ, ಅಭ್ಯಾಸದಲ್ಲಿ ತಾವು ನೋಯಿಸಿದವರ ಕ್ಷಮೆ ಕೇಳುವ ರೂಢಿಯನ್ನು ಬೆಳೆಸುವುದು ಉಚಿತ.